ಸಹಾಯ ಬೇಕು: ಚಿಪ್ಪಿನ ಇದ್ದಿಲು ರೈಲಿನಲ್ಲಿ ಕಳಿಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ತಿಪಟೂರಿನ ಹತ್ತಿರ ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡುತ್ತೇವೆ. ಮೊದಲ ಸಲ ಹೊರದೇಶಕ್ಕೆ ಮಾಲು ಹೋಗಬೇಕು, ವೈಟ್‌ಫೀಲ್ಡ್ ಕಂಟೇನರ್ ಡಿಪೋದಿಂದ ಚೆನ್ನೈ ಬಂದರಿಗೆ ರೈಲು, ಅಲ್ಲಿಂದ ಹಡಗು.

ಹಡಗಿನವರಿಗೆ ಇದು ಯುಎನ್ 1361 (ಅಪಾಯಕಾರಿ ಸರಕಿಗೆ ವಿಶ್ವಸಂಸ್ಥೆಯ ಪಟ್ಟಿಯಲ್ಲಿರುವ ಸಂಖ್ಯೆ), ವರ್ಗ 4.2. ಅಂದರೆ ತಾನಾಗಿಯೇ ಬಿಸಿಯಾಗುವ ಸರಕು. ಅದು ಸುಮ್ನೆ ಕಾಗದದ ಮಾತಲ್ಲ. ಹೋದ ತಿಂಗಳು ಭಟ್ಟಿಯಿಂದ ತೆಗೆದ ಎರಡನೇ ದಿನವೇ ಚೀಲ ತುಂಬಿ ಅಟ್ಟಿ ಹಾಕಿದ್ದರು. ಹೊರಗಿನ ಚೀಲಗಳು ತಣ್ಣಗಿದ್ದವು, ನಡುವಿನದಕ್ಕೆ ಕೈ ಹಾಕಿದರೆ ಸುಟ್ಟ ಹಾಗಾಯಿತು. ಹೊಗೆಯೂ ಇರಲಿಲ್ಲ! ಹೊಸ ಇದ್ದಿಲು ಗಾಳಿಯ ಆಮ್ಲಜನಕ ಹೀರಿ ಬಿಸಿಯಾಗುತ್ತೆ, ರಾಶಿಯೊಳಗಿನ ಶಾಖಕ್ಕೆ ಹೊರಬರಲು ದಾರಿ ಇರಲ್ಲ. ಈಗ 14 ದಿನ ಗಾಳಿಗೆ ಹರಡಿ, 40 ಡಿಗ್ರಿಗಿಂತ ಕಡಿಮೆ ಇದ್ದರೆ ಮಾತ್ರ ತುಂಬುತ್ತೇವೆ.

ರೈಲ್ವೆ ಕಾಯ್ದೆ 1989ರ 67ನೇ ಸೆಕ್ಷನ್ ಪ್ರಕಾರ ಅಪಾಯಕಾರಿ ಸರಕೆಂದು ಬರೆದು ಕೊಡಬೇಕು, ಹೊರಗೆ ಗುರುತೂ ಹಾಕಬೇಕು. ಏಜೆಂಟ್ ಒಬ್ಬರು 'ತೆಂಗಿನ ಉತ್ಪನ್ನ ಅಂತ ಬರೆದುಬಿಡಿ' ಅಂದರು. ನಾನು ಒಪ್ಪಲಿಲ್ಲ, ಗಾಡಿಯಲ್ಲಿ, ಯಾರ್ಡಿನಲ್ಲಿ ಜನ ಇರ್ತಾರೆ ಅಲ್ವಾ?

ರೆಡ್ ಟ್ಯಾರಿಫ್ (ಅಪಾಯಕಾರಿ ಸರಕಿಗೆ ರೈಲ್ವೆಯ ನಿಯಮಪುಸ್ತಕ) ಪ್ರಕಾರ ಕಳಿಸಿದ ಅನುಭವ ಇರುವವರು ಹೇಳಿ: ಅಪಾಯಕಾರಿ ಸರಕೆಂದು ಬರೆದು ಕೊಡುವ ನಮೂನೆ ಹೇಗಿತ್ತು, ಯಾವ ಚೀಲ ಒಪ್ಪಿದರು? ತಾನಾಗಿ ಬಿಸಿಯಾಗುತ್ತಾ ಅಂತ 140 ಡಿಗ್ರಿಯಲ್ಲಿ 24 ಗಂಟೆ ಇಟ್ಟು ನೋಡುವ ಪರೀಕ್ಷೆಯನ್ನು ಬೆಂಗಳೂರಲ್ಲಿ ಎಲ್ಲಿ ಮಾಡಿಸಿದಿರಿ? ಮುಂದಿನ ವಾರ ಬುಕಿಂಗ್ ಇದೆ, ದಯವಿಟ್ಟು ಬೇಗ ತಿಳಿಸಿ.