ಸಹಾಯ ಬೇಕು: ಎಷ್ಟು ಕನ್‌ಕಷನ್ (ತಲೆಗೆ ಪೆಟ್ಟು ಬಿದ್ದು ಮಿದುಳು ಅಲುಗಾಡೋದು) ಆದ್ಮೇಲೆ ಆಟ ಬಿಡಬೇಕು?

ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ನೋಡೋರು, ನರರೋಗ ವೈದ್ಯರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ. ಅಲ್ಲಿನ ಡಾಲ್ಫಿನ್ಸ್ ತಂಡದಲ್ಲಿದ್ದಾಗ ಆಟಗಾರ ಟುವಾ ಟಾಗೊವೈಲೋವಗೆ 2022ರಲ್ಲಿ ಎರಡು ಸಲ, 2024ರ ಸೆಪ್ಟೆಂಬರಲ್ಲಿ ಮತ್ತೊಂದು ಸಲ ಕನ್‌ಕಷನ್ ಆಯ್ತು. ಅಕ್ಟೋಬರ್ ಕೊನೆಗೆ ಮತ್ತೆ ಮೈದಾನದಲ್ಲಿ!

ಮತ್ತೆ ಆಡೋಕೆ ಲೀಗ್ ಇಟ್ಟಿರೋ ಐದು ಹಂತದ ನಿಯಮ ಓದಿದ್ದೀನಿ. ಮೊದಲು ವಿಶ್ರಾಂತಿ, ಆಮೇಲೆ ಸೈಕಲ್ ಅಥವಾ ಟ್ರೆಡ್‌ಮಿಲ್, ಆಟದ ಕಸರತ್ತು, ಡಿಕ್ಕಿ ಇಲ್ಲದ ಅಭ್ಯಾಸ, ಕೊನೆಗೆ ಪೂರ್ತಿ ಆಟ. ನಡುವೆ ತಲೆನೋವು, ತಲೆಸುತ್ತು ಮರುಕಳಿಸಿದ್ರೆ ಮುಂದಿನ ಹಂತ ಇಲ್ಲ. ಕೊನೇ ಒಪ್ಪಿಗೆ ತಂಡಕ್ಕೆ ಸೇರದ ನರತಜ್ಞರದ್ದೂ ಬೇಕು. ನಡಿಗೆ ತೂರಾಡಿದ್ರೆ ಅವತ್ತು ಆಟ ಬಂದ್ ಅನ್ನೋದು ಸೇರಿದ್ದು 2022ರ ಅಕ್ಟೋಬರಲ್ಲಿ (ತಡವಾಯ್ತು ಬಿಡಿ).

ಗೊಂದಲ ಇಲ್ಲಿದೆ: ಇದೆಲ್ಲ ಈಗಿನ ಪೆಟ್ಟು ವಾಸಿಯಾಯ್ತಾ ಅಂತ ನೋಡುತ್ತೆ. ಹಿಂದಿನ ಪೆಟ್ಟುಗಳನ್ನೂ ಗಮನಿಸಿ ಅಂತಾರೆ, ಆದ್ರೆ ಇಷ್ಟಾದ್ರೆ ಸಾಕು ಅನ್ನೋ ಲೆಕ್ಕ ಎಲ್ಲೂ ಸಿಗಲಿಲ್ಲ. ಸಿಟಿಇ (ತಲೆಗೆ ಪದೇ ಪದೇ ಪೆಟ್ಟು ಬಿದ್ದು ಬರೋ ಮಿದುಳಿನ ಕಾಯಿಲೆ) ಖಚಿತ ಆಗೋದು ಸತ್ತ ಮೇಲೆ ಮಿದುಳು ಪರೀಕ್ಷಿಸಿದಾಗಲೇ, ಹಾಗಾಗಿ ಸ್ಕ್ಯಾನ್ ಸರಿಯಿದೆ ಅಂದ್ರೂ ಸಮಾಧಾನ ಇಲ್ಲ. ಹಲವು ಕನ್‌ಕಷನ್ ಆಗಿದ್ದ ಎನ್‌ಎಫ್‌ಎಲ್ ಆಟಗಾರ ಲ್ಯೂಕ್ ಕೀಕ್ಲಿ 28ನೇ ವಯಸ್ಸಿಗೇ ಆಟ ಬಿಟ್ಟರು.

ಹಲವು ಸಲ ಕನ್‌ಕಷನ್ ಆದ ಆಟಗಾರನಿಗೆ ಇನ್ನು ಬೇಡ ಅನ್ನೋಕೆ ವೈದ್ಯರು ಯಾವುದಕ್ಕೆ ಹೆಚ್ಚು ತೂಕ ಕೊಡ್ತಾರೆ: ಸಣ್ಣ ಪೆಟ್ಟಿಗೂ ಕನ್‌ಕಷನ್ ಆಗೋದಕ್ಕೋ, ಪ್ರತಿ ಸಲ ಚೇತರಿಕೆ ನಿಧಾನ ಆಗೋದಕ್ಕೋ?