ಸಿಯಾಯಾದಲ್ಲಿ ಕೂಸುಗಳ ಸಾವು ತಗ್ಗಿದ್ದು ಯಾವುದರಿಂದ?

ಹೊಂಗೆನೆರಳು:
ಕೀನ್ಯಾದ ಪಶ್ಚಿಮಕ್ಕೆ, ವಿಕ್ಟೋರಿಯಾ ಸರೋವರದ ಅಂಚಿನಲ್ಲಿ ಸಿಯಾಯಾ ಅಂತ ಒಂದು ಕೌಂಟಿ ಇದೆ. ಹೆಚ್ಚಿನವರು ಲುವೋ ಜನ. ಇರುವ ತುಂಡು ಹೊಲದಲ್ಲಿ ಮೆಕ್ಕೆಜೋಳ, ಬೀನ್ಸ್ ಬೆಳೆಯುತ್ತಾರೆ. ಮಲೇರಿಯಾ, ಎಚ್‌ಐವಿ ಎರಡೂ ಆ ಭಾಗವನ್ನು ಬಹಳ ಕಾಡಿವೆ. ಕಾಯಿಲೆ ಬಿದ್ದವನು ದುಡಿಯಲಾರ, ದುಡಿಯದವನ ಕೈಯಲ್ಲಿ ಔಷಧಿಗೆ ಕಾಸಿಲ್ಲ. ಇದನ್ನು ಬಿಡಿಸಲು ಈ ಒಂದೇ ಕೌಂಟಿಯಲ್ಲಿ ಎರಡು ದೊಡ್ಡ ಪ್ರಯತ್ನ ನಡೆದಿವೆ.

ಮೊದಲನೆಯದು ಸೌರಿ ಎಂಬಲ್ಲಿ. ಅರ್ಥಶಾಸ್ತ್ರಜ್ಞ ಜೆಫ್ರಿ ಸ್ಯಾಕ್ಸ್ ಮುಂದೆ ನಿಂತು ನಡೆಸಿದ ಮಿಲೆನಿಯಂ ವಿಲೇಜಸ್ ಯೋಜನೆ. ಗೊಬ್ಬರ, ಬಿತ್ತನೆ ಬೀಜ, ಸೊಳ್ಳೆಪರದೆ, ಕ್ಲಿನಿಕ್ಕು, ಶಾಲೆಯ ಊಟ, ನೀರು, ರಸ್ತೆ ಎಲ್ಲವನ್ನೂ ಒಟ್ಟಿಗೆ ಕೊಟ್ಟರು. ಸೌರಿಯಿಂದ ಶುರುವಾಗಿ 10 ದೇಶಗಳಿಗೆ ಹಬ್ಬಿ, ಸುಮಾರು 5 ಲಕ್ಷ ಜನರನ್ನು ಮುಟ್ಟಿ, 2015ಕ್ಕೆ ಮುಗಿಯಿತು.

ಎರಡನೆಯದು ಗಿವ್‌ಡೈರೆಕ್ಟ್ಲಿ ಸಂಸ್ಥೆಯದು. 2014ರಿಂದ ಮುಂದೆ 10,000ಕ್ಕೂ ಹೆಚ್ಚು ಬಡ ಕುಟುಂಬಗಳಿಗೆ ತಲಾ ಸುಮಾರು 1000 ಡಾಲರ್ ಮೊಬೈಲಿಗೇ ಹಾಕಿದರು. ಷರತ್ತು ಏನೂ ಇಲ್ಲ.

ನನ್ನ ಒಲವು ಮೊದಲನೆಯದರ ಕಡೆಗೆ. ಆರೋಗ್ಯ, ಬೆಳೆ, ಶಾಲೆ ಒಂದಕ್ಕೊಂದು ಅಂಟಿಕೊಂಡಿರುವಾಗ ಬಿಡಿಬಿಡಿಯಾಗಿ ಮುಟ್ಟಿ ಏನು ಪ್ರಯೋಜನ? ಸೌರಿಯ ರೈತರು ತಮ್ಮ ಫಸಲಿನ ಹತ್ತರಲ್ಲಿ ಒಂದು ಪಾಲನ್ನು ಶಾಲೆಯ ಊಟಕ್ಕೆ ಕೊಡುತ್ತಿದ್ದರು. ಇಂಥದ್ದನ್ನು ಬರೀ ದುಡ್ಡು ಹುಟ್ಟಿಸುವುದಿಲ್ಲ. ನೀವೇನು ಹೇಳುತ್ತೀರಿ?

ನೇರಮಾತು:
ಎರಡೂ ಬೇಡ. ಹೊರಗಿನವರು ಬಂದು ಕೊಟ್ಟು ಹೋಗುವುದರಿಂದ ಯಾವ ಊರೂ ಎದ್ದು ನಿಂತಿಲ್ಲ. ಅದರಲ್ಲೂ ಸುಮ್ನೆ 1000 ಡಾಲರ್ ಕೈಗೆ ಕೊಟ್ಟರೆ ಅರ್ಧ ಕುಡಿತಕ್ಕೆ ಹೋಗುತ್ತದೆ.

ಲೆಕ್ಕದಪುಸ್ತಕ:
ನೇರಮಾತು ಅವರೇ, ಕುಡಿತದ ಮಾತನ್ನು ಅಲ್ಲೇ ಅಳೆದು ನೋಡಿದ್ದಾರೆ. ಸಿಯಾಯಾದ ರಾರಿಯೆಡಾ ಭಾಗದಲ್ಲಿ ಹೌಶೋಫರ್ ಮತ್ತು ಶಪೀರೋ ನಡೆಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ದುಡ್ಡು ಪಡೆದವರಲ್ಲಿ ಹೆಂಡ, ತಂಬಾಕಿನ ಖರ್ಚು ಏರಲಿಲ್ಲ. ಜನ ಏನು ಮಾಡಿದರು ಗೊತ್ತಾ? ಹುಲ್ಲಿನ ಸೂರು ತೆಗೆದು ತಗಡು ಹೊದಿಸಿದರು. ಅಲ್ಲಿ ಅದಕ್ಕೆ ಮಬಾತಿ ಅನ್ನುತ್ತಾರೆ. ಹುಲ್ಲಾದರೆ ಮತ್ತೆ ಮತ್ತೆ ಹೊದಿಸಬೇಕು, ಆ ಖರ್ಚು ಉಳಿಯಿತು. ಹಸು ಕೊಂಡರು.

ಹೊಂಗೆನೆರಳು ಅವರೇ, ಸೌರಿಯ ಬಗ್ಗೆ ನನಗಿರುವ ತಕರಾರು ಬೇರೆ. ಒಳ್ಳೆಯದು ಮಾಡಿದರು, ಆದರೆ ಅಳೆಯುವ ದಾರಿ ಇಟ್ಟುಕೊಳ್ಳಲಿಲ್ಲ. ಯೋಜನೆ ಇಲ್ಲದ ಹೋಲಿಕೆ ಊರುಗಳನ್ನು ಮೊದಲೇ ಚೀಟಿ ಎತ್ತಿ ಆರಿಸಿರಲಿಲ್ಲ. ಹಾಗಿದ್ದೂ 2012ರಲ್ಲಿ ಯೋಜನೆಯವರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ, ನಮ್ಮ ಊರುಗಳಲ್ಲಿ ಮಕ್ಕಳ ಸಾವು ಆಯಾ ದೇಶದ ಹಳ್ಳಿಗಳಿಗಿಂತ ಮೂರು ಪಟ್ಟು ವೇಗವಾಗಿ ಇಳಿದಿದೆ ಅಂತ ಬರೆದರು. ಡೆಮೊಂಬೀನ್, ಕ್ಲೆಮೆನ್ಸ್ ಮುಂತಾದ ಅರ್ಥಶಾಸ್ತ್ರಜ್ಞರು ಲೆಕ್ಕದ ತಪ್ಪನ್ನು ಎತ್ತಿ ತೋರಿಸಿದ ಮೇಲೆ ಆ ಮಾತನ್ನು ವಾಪಸ್ ಪಡೆದರು.

ಕೀನ್ಯಾದ ಸರ್ಕಾರಿ ಸಮೀಕ್ಷೆ ನೋಡಿ. ಸಿಯಾಯಾ ಆಗ ನ್ಯಾನ್ಜಾ ಪ್ರಾಂತ್ಯದಲ್ಲಿತ್ತು. ಇಡೀ ಪ್ರಾಂತ್ಯದಲ್ಲಿ ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದ ಮಕ್ಕಳು 2003ರ ಸಮೀಕ್ಷೆಯಲ್ಲಿ ಸಾವಿರಕ್ಕೆ 206. 2008-09ರಲ್ಲಿ 149. 2014ರಲ್ಲಿ 82. ಸೌರಿ ಇದ್ದರೂ ಇಲ್ಲದಿದ್ದರೂ ಎಲ್ಲ ಕಡೆ ಇಳಿಯುತ್ತಿತ್ತು.

ಗದ್ದೆಬದು:
ಇಳಿದದ್ದು ತಾನಾಗೇ ಇಳಿಯಲಿಲ್ಲವಲ್ಲ, ಯಾರೋ ಏನೋ ಮಾಡಿದ್ದಕ್ಕೆ ಇಳಿಯಿತು. ಏನು ಮಾಡಿದರು ಅಂತಲೂ ಹೇಳಿ.

ಲೆಕ್ಕದಪುಸ್ತಕ:
ಮುಖ್ಯವಾಗಿ ಸೊಳ್ಳೆಪರದೆ. ಸಿಯಾಯಾದ ಆಸೆಂಬೋ ಮತ್ತು ಗೆಮ್ ಭಾಗಗಳಲ್ಲಿ 1990ರ ದಶಕದ ಕೊನೆಗೇ ದೊಡ್ಡ ಪ್ರಯೋಗ ನಡೆದಿತ್ತು. ಔಷಧಿ ಲೇಪಿಸಿದ ಪರದೆ ಕೊಟ್ಟ ಊರುಗಳಲ್ಲಿ, ತಿಂಗಳು ದಾಟಿದ ಹಸುಗೂಸುಗಳ ಸಾವು ಸುಮಾರು ಕಾಲು ಭಾಗ ತಗ್ಗಿತು. ಸೌರಿ ಇರುವುದು ಇದೇ ಗೆಮ್‌ನಲ್ಲಿ. ಪರದೆಗೆ ಬೆಲೆ ಇಟ್ಟರೆ ಜನ ಜೋಪಾನ ಮಾಡುತ್ತಾರೆ ಅನ್ನುವ ವಾದ ಬಹಳ ಇತ್ತು. ಪಶ್ಚಿಮ ಕೀನ್ಯಾದ ಬಸುರಿಯರ ಕ್ಲಿನಿಕ್ಕುಗಳಲ್ಲಿ ಜೆಸಿಕಾ ಕೋಹೆನ್ ಮತ್ತು ಪಾಸ್ಕಲೀನ್ ದ್ಯುಪಾ ಪರೀಕ್ಷೆ ಮಾಡಿದರು. ಪುಕ್ಕಟೆ ಇದ್ದದ್ದಕ್ಕೆ ಬರೀ 60 ಸೆಂಟ್ ಬೆಲೆ ಇಟ್ಟ ಕೂಡಲೇ ನೂರರಲ್ಲಿ 60 ಹೆಂಗಸರು ಬಿಟ್ಟುಹೋದರು. ಪುಕ್ಕಟೆ ಕೊಟ್ಟ ಪರದೆಯನ್ನು ಜನ ಬಳಸುತ್ತಲೂ ಇದ್ದರು.

ಗದ್ದೆಬದು:
ಸರಿ. ಈಗ ಹೊಲದ ಕಡೆಗೆ ಬನ್ನಿ, ಅಲ್ಲಿ ಸೌರಿ ಮಾಡಿದ್ದನ್ನು ಕಡೆಗಣಿಸಬಾರದು. ವರ್ಷಕ್ಕೆರಡು ಸಲ ಅದೇ ಮೆಕ್ಕೆಜೋಳ ಹಾಕಿ ಹಾಕಿ ಮಣ್ಣಿನಲ್ಲಿ ಸಾರಜನಕ ಬರಿದಾಗಿತ್ತು. ಮಣ್ಣಿನ ವಿಜ್ಞಾನಿ ಪೆದ್ರೋ ಸ್ಯಾಂಚೆಜ್ ಅವರ ತಂಡ ಗೊಬ್ಬರ, ಒಳ್ಳೆ ಬೀಜ ಕೊಟ್ಟಾಗ ಇಳುವರಿ ಹೆಕ್ಟೇರಿಗೆ ಸುಮಾರು 2 ಟನ್ ಇದ್ದದ್ದು 5 ಟನ್‌ಗೆ ಏರಿತು. ಹಸಿವು ಹೋಯಿತು. ಕಾಸು ಬಂತಾ ಅನ್ನುವುದೇ ಪ್ರಶ್ನೆ. ಊರಿಗೆ ಊರೇ ಒಂದೇ ವಾರ ಕೊಯ್ದು ಮಾರಲು ನಿಂತರೆ ಬೆಲೆ ಏನಾಗುತ್ತದೆ ಅಂತ ನಮ್ಮ ಟೊಮೆಟೊ ಬೆಳೆಗಾರರನ್ನು ಕೇಳಿ. ಹಾಗಾಗಿ ಕಾಳು ಕೂಡಿಡುವ ಗೋದಾಮಿನ ಏರ್ಪಾಡೂ ಬೇಕಾಯಿತು.

ಇನ್ನೊಂದು ವಿಷಯ. ಆ ಸೀಮೆಯ ದೊಡ್ಡ ಶತ್ರು ಸ್ಟ್ರೈಗಾ ಎಂಬ ಕಳೆ. ಲುವೋ ಜನ ಅದನ್ನು ಕಯೊಂಗೊ ಅನ್ನುತ್ತಾರೆ. ನೇರಳೆ ಹೂವು, ನೋಡಲು ಚೆಂದ. ಬೇರು ಮೆಕ್ಕೆಜೋಳದ ಬೇರಿಗೇ ಕಚ್ಚಿಕೊಂಡು ಸಾರ ಹೀರುತ್ತದೆ. ಅದು ನೆಲದ ಮೇಲೆ ತಲೆ ಎತ್ತುವ ಹೊತ್ತಿಗೆ ಒಳಗೆ ಬೆಳೆ ಸೊರಗಿರುತ್ತದೆ, ಆಮೇಲೆ ಕಿತ್ತರೂ ಅಷ್ಟಕ್ಕಷ್ಟೇ. ನಮ್ಮ ಜೋಳ, ಕಬ್ಬಿನ ಹೊಲಗಳಿಗೆ ಬರುವುದು ಇದರ ದಾಯಾದಿ. ಸರೋವರದ ದಡದ ಎಂಬಿಟಾದಲ್ಲಿ ಇಸಿಪೆ ಎಂಬ ಕೀಟ ಸಂಶೋಧನಾ ಸಂಸ್ಥೆಯ ಝೆಯಾವುರ್ ಖಾನ್, ಅವರು ಭಾರತ ಮೂಲದವರು, ಇದಕ್ಕೆ ಪುಶ್-ಪುಲ್ ಅನ್ನುವ ಪದ್ಧತಿ ತಂದರು. ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಬಳ್ಳಿ, ಹೊಲದ ಸುತ್ತ ನೇಪಿಯರ್ ಹುಲ್ಲು. ಬಳ್ಳಿಯ ವಾಸನೆಗೆ ಕಾಂಡಕೊರಕದ ಪತಂಗ ಓಡಿ, ಸುತ್ತಲಿನ ಹುಲ್ಲಿನ ಮೇಲೆ ಮೊಟ್ಟೆ ಇಡುತ್ತದೆ. ಬಳ್ಳಿಯ ಬೇರಿನಿಂದ ಬರುವ ರಸಕ್ಕೆ ಸ್ಟ್ರೈಗಾ ಸಾಯುತ್ತದೆ. ಮಣ್ಣಿಗೆ ಸಾರಜನಕವೂ ಸಿಗುತ್ತದೆ. ಬಳ್ಳಿ, ಹುಲ್ಲು ಎರಡೂ ಹಸುವಿಗೆ ಮೇವು. ಹಾಲು ಮಗುವಿನ ಬಟ್ಟಲಿಗೆ. ಆರೋಗ್ಯ ಮತ್ತು ಆದಾಯ ಕೂಡುವುದು ಹೀಗೆ, ಅರ್ಧ ಎಕರೆಯೊಳಗೆ. ಗೊಬ್ಬರದ ಚೀಲ ವರ್ಷ ವರ್ಷವೂ ಬೇಕು, ಈ ಬಳ್ಳಿ ಹಾಗಲ್ಲ. ಒಮ್ಮೆ ಹಚ್ಚಿದರೆ ವರ್ಷಗಟ್ಟಲೆ ಇರುತ್ತದೆ.

ಹೆರಿಗೆವಾರ್ಡು:
ಹೊಲದ ಮಾತು ಒಪ್ಪಿದೆ. ಆದರೆ ತಲೆಬರಹದಲ್ಲಿ ಕೇಳಿರುವುದು ಕೂಸುಗಳ ಸಾವು. ನಾನು ಇಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್. ನಗದು ಯೋಜನೆಯ ಮೇಲೆ 2025ರಲ್ಲಿ ಬಂದ ವರದಿಯನ್ನು ಯಾರೂ ಎತ್ತಲೇ ಇಲ್ಲವಲ್ಲ? ಅದೇ ಸಿಯಾಯಾ, 653 ಹಳ್ಳಿ, ಒಂದು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಲೆಕ್ಕ. ಯಾವ ಹಳ್ಳಿಗೆ ಮೊದಲು ದುಡ್ಡು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರು. ದುಡ್ಡು ಬಂದ ಮನೆಗಳಲ್ಲಿ ವರ್ಷ ತುಂಬುವ ಮೊದಲಿನ ಸಾವು ಶೇ. 48ರಷ್ಟು ಕಡಿಮೆ. ಐದು ವರ್ಷದೊಳಗಿನದು ಶೇ. 45.

ಹೇಗೆ ಅಂತ ನೋಡಿದರೆ ನಮ್ಮ ಕೆಲಸದವರಿಗೆ ಆಶ್ಚರ್ಯವೇ ಆಗುವುದಿಲ್ಲ. ಹೆರಿಗೆಯ ಆಸುಪಾಸಿನಲ್ಲಿ ಕಾಸು ಕೈಗೆ ಬಂದವರಿಗೆ ಲಾಭ ಜಾಸ್ತಿ. ಆಸ್ಪತ್ರೆ ಹೆರಿಗೆ ಹೆಚ್ಚಾಯಿತು. ತುಂಬು ಬಸುರಿಯರು ಹೊಲಕ್ಕೆ ಹೋಗುವುದು ಕಡಿಮೆಯಾಯಿತು. ಎಂಟು ತಿಂಗಳ ಹೊಟ್ಟೆ ಹೊತ್ತು ಬಗ್ಗಿ ಕಳೆ ಕೀಳುವವಳಿಗೆ ನಾವು "ರೆಸ್ಟ್ ಮಾಡಮ್ಮ" ಅಂತ ಸಾವಿರ ಸಲ ಹೇಳುತ್ತೇವೆ. ಅವಳು ತಲೆಯಾಡಿಸಿ ಮಾರನೇ ದಿನ ಕೂಲಿಗೆ ಹೋಗುತ್ತಾಳೆ. ಅವಳ ರೆಸ್ಟಿಗೆ ಯಾರಾದರೂ ಕಾಸು ಕೊಡಬೇಕು. ನಮ್ಮ ಮಾತೃವಂದನಾದಲ್ಲಿ ಮೊದಲ ಮಗುವಿಗೆ 5000 ರೂಪಾಯಿ, ಅದೂ ಕಂತಿನಲ್ಲಿ. ಅಲ್ಲಿ ಕೊಟ್ಟದ್ದು ಒಂದು ಮನೆಯ ವರ್ಷದ ಖರ್ಚಿನ ಮುಕ್ಕಾಲು ಭಾಗ.

ಆದರೆ ಒಂದು ಮಾತನ್ನು ಎಲ್ಲರೂ ಗಮನಿಸಿ. ವೈದ್ಯರಿರುವ ಆಸ್ಪತ್ರೆ ಹತ್ತಿರ ಇದ್ದ ಕಡೆಯೇ ಕೂಸುಗಳು ಹೆಚ್ಚು ಉಳಿದದ್ದು. ದೂರದವರಿಗೆ ಅಷ್ಟು ಲಾಭ ಆಗಲಿಲ್ಲ. ದುಡ್ಡು ಅವಳನ್ನು ಆಸ್ಪತ್ರೆಯ ಬಾಗಿಲವರೆಗೆ ತರುತ್ತದೆ. ಬಾಗಿಲ ಒಳಗೆ ಉಸಿರು ಕಟ್ಟಿದ ಕೂಸನ್ನು ಎತ್ತಿಕೊಳ್ಳುವ ಕೈ ಇರಬೇಕು.

ಸರೋವರದೂರು:
ನಾನು ಕೆಲಸದ ಮೇಲೆ ಅಲ್ಲಿಗೆ ಹತ್ತಿರದ ಕಿಸುಮು ನಗರದಲ್ಲಿ ಇದ್ದವನು, ಸಿಯಾಯಾ ಕಡೆ ಓಡಾಡಿದ್ದೇನೆ. ಹೆರಿಗೆವಾರ್ಡು ಹೇಳಿದ್ದು ನೂರಕ್ಕೆ ನೂರು. ಟಾರು ರಸ್ತೆ ಬಿಟ್ಟು ಒಳಗೆ ಹೋದರೆ ಬೋಡಾ ಬೋಡಾ ಒಂದೇ ಗತಿ, ಅಂದರೆ ಬಾಡಿಗೆ ಬೈಕು. ನೋವು ಶುರುವಾದವಳನ್ನು ನಡುವೆ ಕೂರಿಸಿಕೊಂಡು, ಹಿಂದೆ ಅತ್ತೆ ಹಿಡಿದುಕೊಂಡು, ಕೆಮ್ಮಣ್ಣಿನ ದಾರಿಯಲ್ಲಿ ಹೋಗುವುದನ್ನು ಕಂಡಿದ್ದೇನೆ. ರಾತ್ರಿಯಾದರೆ ಬಾಡಿಗೆ ಜಾಸ್ತಿ, ಮಳೆಯಾದರೆ ಬೈಕಿನವನು ಬರುವುದೇ ಇಲ್ಲ. ಒಂದು ಸಣ್ಣ ದವಾಖಾನೆಯಲ್ಲಿ ಗೋಡೆಗೆ ಔಷಧಿ ಪಟ್ಟಿ ಚೆನ್ನಾಗಿ ಅಂಟಿಸಿದ್ದರು, ಕಪಾಟಿನಲ್ಲಿ ಪ್ಯಾರಾಸಿಟಮಾಲ್ ಬಿಟ್ಟು ಹೆಚ್ಚೇನೂ ಇರಲಿಲ್ಲ.

ಹೆರಿಗೆ ಪುಕ್ಕಟೆ ಅಂತ ಸರ್ಕಾರ 2013ರಲ್ಲಿ ಘೋಷಿಸಿತು. ಅದೇ ವರ್ಷ ಆಸ್ಪತ್ರೆಗಳ ಹೊಣೆ ಕೌಂಟಿಗಳ ಕೈಗೆ ಬಂತು. 2016ರ ಡಿಸೆಂಬರಿನಲ್ಲಿ ಮೊದಲು ವೈದ್ಯರ ಮುಷ್ಕರ, 100 ದಿನ ನಡೆದು 2017ರ ಮಾರ್ಚಿನಲ್ಲಿ ಮುಗಿಯಿತು. ಅದರ ಬೆನ್ನಿಗೇ ನರ್ಸುಗಳ ಮುಷ್ಕರ, ಐದು ತಿಂಗಳು. ಅವರನ್ನು ನಾನು ದೂರುವುದಿಲ್ಲ, ಒಪ್ಪಿದ ಸಂಬಳ ಕೇಳಿದ್ದರು. ಆ ತಿಂಗಳುಗಳಲ್ಲಿ ಬಡವರ ಕೈಯಲ್ಲಿ ದುಡ್ಡಿದ್ದರೂ ಸರ್ಕಾರಿ ಆಸ್ಪತ್ರೆ ಮುಚ್ಚಿತ್ತು.

ನೇರಮಾತು:
ಅದನ್ನೇ ನಾನೂ ಹೇಳಿದ್ದು. ಕೊನೆಗೆ ಎಲ್ಲ ಸರ್ಕಾರದ ಬಾಗಿಲಿಗೇ ಬರುತ್ತದೆ. ಹೊರಗಿನ ನೆರವು ಇದ್ದಷ್ಟು ದಿನ ಅಲ್ಲಿನ ಸರ್ಕಾರ ತನ್ನ ಕೆಲಸ ಮಾಡುವುದಿಲ್ಲ.

ಸರೋವರದೂರು:
ಅರ್ಧ ಒಪ್ಪುತ್ತೇನೆ. 2025ರ ಶುರುವಿನಲ್ಲಿ ಅಮೆರಿಕ ನೆರವಿಗೆ ಕತ್ತರಿ ಹಾಕಿದಾಗ ಎಚ್‌ಐವಿ ಕ್ಲಿನಿಕ್ಕುಗಳಿಗೆ ಬಿದ್ದ ಪೆಟ್ಟು ನಿಮ್ಮ ಮಾತಿಗೇ ಸಾಕ್ಷಿ. ಸಲಹೆಗಾರರು, ಮನೆಮನೆಗೆ ಹೋಗುವ ಕಾರ್ಯಕರ್ತರು ಎಷ್ಟೋ ಜನ ಆ ದುಡ್ಡಿನ ಮೇಲೇ ಇದ್ದರು. ಆದರೆ ನೆರವು ನಿಂತರೆ ಸರ್ಕಾರ ಎದ್ದೇಳುತ್ತದೆ ಅನ್ನುವ ಭಾಗ ಒಪ್ಪುವುದಿಲ್ಲ. ಮಾತ್ರೆ ಎರಡು ತಿಂಗಳು ತಪ್ಪಿದರೆ ರೋಗಿಯ ಮೈಯೊಳಗೆ ವೈರಸ್ ಮತ್ತೆ ಏಳುತ್ತದೆ, ಅದು ಬಜೆಟ್ ಮಂಡನೆಗೆ ಕಾಯುವುದಿಲ್ಲ. ಸರ್ಕಾರ ಏನೂ ಮಾಡಿಲ್ಲ ಅನ್ನುವುದೂ ತಪ್ಪು. 2023ರಲ್ಲಿ ಸುಮಾರು ಒಂದು ಲಕ್ಷ ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ ಕಿಟ್ಟು, ಫೋನು ಕೊಟ್ಟು ಗೌರವಧನ ಶುರು ಮಾಡಿದರು. ನಮ್ಮ ಆಶಾ ಅಕ್ಕಂದಿರ ಥರ.

ಹೊಂಗೆನೆರಳು:
ಎಲ್ಲರದ್ದೂ ಓದಿದೆ. ಆದರೂ ನೀವು ವಿವರಿಸುತ್ತಿರುವುದು ನಾನು ಹೇಳಿದ ಒಟ್ಟು ಯೋಜನೆಯನ್ನೇ ಅಲ್ವಾ? ಹತ್ತಿರದ ಆಸ್ಪತ್ರೆ, ಪರದೆ, ಹೊಲ, ಜೊತೆಗೆ ಕಾಸು. 2018ರ ಕೊನೆಯ ಮೌಲ್ಯಮಾಪನದಲ್ಲೂ 40 ಅಳತೆಗಳಲ್ಲಿ 30ರಲ್ಲಿ ಯೋಜನೆಯ ಊರುಗಳೇ ಮುಂದಿದ್ದವು.

ಲೆಕ್ಕದಪುಸ್ತಕ:
ಅದೇ ಮೌಲ್ಯಮಾಪನದ ಇನ್ನರ್ಧವನ್ನೂ ಹೇಳಿ. ಹಾಕಿಕೊಂಡ ಗುರಿಗಳಲ್ಲಿ ಮುಟ್ಟಿದ್ದು ಸುಮಾರು ಮೂರನೇ ಒಂದು ಭಾಗ. ಕೃಷಿ, ಆರೋಗ್ಯದಲ್ಲಿ ಫಲ ಚೆನ್ನಾಗಿತ್ತು. ಮನೆಯ ಖರ್ಚಿನಲ್ಲಿ ಅಳೆದ ಬಡತನದ ಮೇಲೆ ಗಟ್ಟಿಯಾದ ಪರಿಣಾಮ ಕಾಣಲಿಲ್ಲ. ಅಂದರೆ ಆರೋಗ್ಯ ಸುಧಾರಿಸಿತು, ಕೈಯಲ್ಲಿ ಕಾಸು ಓಡಾಡಲಿಲ್ಲ. ನಗದಿನಲ್ಲಿ ಅದು ಓಡಾಡಿತು. ಕೊಟ್ಟ ಒಂದು ಡಾಲರ್‌ಗೆ ಆ ಸೀಮೆಯ ವಹಿವಾಟು ಸುಮಾರು ಎರಡೂವರೆ ಡಾಲರ್ ಬೆಳೆಯಿತು. ದುಡ್ಡು ಸಿಗದ ನೆರೆಮನೆಯವರಿಗೂ ಕೂಲಿ, ವ್ಯಾಪಾರ ಸಿಕ್ಕಿತು. ಬೆಲೆ ಏರಿದ್ದು ಬರೀ ಶೇ. 0.1.

ಹೆರಿಗೆವಾರ್ಡು:
ಹೊಂಗೆನೆರಳು ಅವರೇ, ಒಟ್ಟು ಬೇಕು ಅನ್ನುವುದರಲ್ಲಿ ಜಗಳವಿಲ್ಲ. ಒಟ್ಟನ್ನು ಯಾರು ಕಟ್ಟಬೇಕು ಅನ್ನುವುದರಲ್ಲಿ ಇದೆ. ಸೌರಿಯಲ್ಲಿ ಗೊಬ್ಬರ ಎಷ್ಟು, ಕ್ಲಿನಿಕ್ಕು ಎಲ್ಲಿ, ಊಟ ಏನು ಎಲ್ಲದಕ್ಕೂ ಒಂದೇ ಯೋಜನೆಯ ಚೀಲ. ಚೀಲ 2015ಕ್ಕೆ ಖಾಲಿ. ನನ್ನ ಕೈಗೆ ಆ ದುಡ್ಡು ಕೊಟ್ಟರೆ ನಾನು ಹೀಗೆ ಹಂಚುತ್ತೇನೆ. ನರ್ಸಿನ ಸಂಬಳ, ಔಷಧಿ, ರಾತ್ರಿಯ ಆಂಬುಲೆನ್ಸು ಕೌಂಟಿಯ ಬಜೆಟ್ಟಿನಲ್ಲೇ ಇರಲಿ, ಅದನ್ನು ಬೇರೆ ಯಾರ ತಲೆಗೂ ಕಟ್ಟಬಾರದು. ಪರದೆ ಪುಕ್ಕಟೆ. ಹೊಲಕ್ಕೆ ಗದ್ದೆಬದು ಹೇಳಿದ ಬಳ್ಳಿ, ಅದನ್ನು ಕಲಿಸಲು ಜನ. ಉಳಿದದ್ದು ಬಸುರಿಯ ಫೋನಿಗೆ, ಏಳನೇ ತಿಂಗಳಿಗೆ, ಒಂದೇ ಗಂಟಿನಲ್ಲಿ.

ಗದ್ದೆಬದು:
ಫೋನು ಗಂಡನ ಕೈಯಲ್ಲಿದ್ದರೆ?

ಹೆರಿಗೆವಾರ್ಡು:
ಸಿಮ್ ಅವಳ ಹೆಸರಲ್ಲಿ ಇರಬೇಕು, ಪಿನ್ ಅವಳಿಗೆ ಮಾತ್ರ ಗೊತ್ತಿರಬೇಕು. ಕೀನ್ಯಾದಲ್ಲಿ ಮೊಬೈಲಿನಲ್ಲೇ ದುಡ್ಡು ಕಳಿಸುವ ಎಂ-ಪೆಸಾ ಬಳಸದ ಹಳ್ಳಿ ಹುಡುಕಬೇಕು, ಹೆಂಗಸರು ಚಾಮಾದ ಕಂತನ್ನೂ ಅದರಲ್ಲೇ ಕಟ್ಟುತ್ತಾರೆ. ಚಾಮಾ ಅಂದರೆ ಅವರ ಉಳಿತಾಯದ ಗುಂಪು. ಫೋನೇ ಇಲ್ಲದವಳಿಗೆ ಮೊದಲ ತಪಾಸಣೆಗೆ ಬಂದಾಗಲೇ ಸಿಮ್ ಮಾಡಿಸಿಕೊಡಲಿ. ಹಾಗಾದರೂ ಮೂರನೇ ತಿಂಗಳಲ್ಲೇ ತಪಾಸಣೆಗೆ ಬರುತ್ತಾಳೆ, ರಕ್ತಹೀನತೆ ಇದ್ದರೆ ಆಗಲೇ ಸಿಕ್ಕಿಬೀಳುತ್ತದೆ.