ಮ್ಯಾನುವಲ್ ಗೇರಿನ ಫಾಸ್ಟ್ ಸೆಡಾನ್ ಬೇಕು: ಹ್ಯುಂಡೈ ವರ್ನಾ ಟರ್ಬೋನಾ, ಫೋಕ್ಸ್‌ವ್ಯಾಗನ್ ವರ್ಟಸ್ 1.5 ಆ, ಹೋಂಡಾ ಸಿಟಿನಾ?

ಕಲಬುರಗಿ_ಡ್ರೈವರ್:
ಎಲ್ಲರಿಗೂ ನಮಸ್ಕಾರ. ಹಳೇ ವರ್ನಾ 1.6 ಡೀಸೆಲ್ ಕೊಟ್ಟು ಹೊಸ ಗಾಡಿ ತಗೋಬೇಕು ಅಂತಿದ್ದೇನೆ. ಸೆಡಾನೇ ಬೇಕು, ಮ್ಯಾನುವಲ್ಲೇ ಬೇಕು, ಪಿಕಪ್ ಜೋರಾಗಿರಬೇಕು. ಎಸ್‌ಯುವಿ ತಗೋ ಅಂತ ಮನೆಯಲ್ಲಿ ಎಲ್ಲರೂ ಹೇಳ್ತಾನೇ ಇದ್ದಾರೆ, ದಯವಿಟ್ಟು ಇಲ್ಲಿ ಆ ಮಾತು ಬೇಡ. ಓಡಾಟ ಜಾಸ್ತಿ ಹುಮನಾಬಾದ್ ಮೇಲಿಂದ ಹೈದರಾಬಾದಿಗೆ, ಆಗಾಗ ಜೇವರ್ಗಿ ದಾಟಿ ವಿಜಯಪುರಕ್ಕೆ. ವರ್ನಾ, ಸಿಟಿ ಎರಡರಲ್ಲೂ 2023ರಲ್ಲಿ ಡೀಸೆಲ್ ನಿಲ್ಲಿಸಿಬಿಟ್ಟರು, ಹಾಗಾಗಿ ಪೆಟ್ರೋಲೇ ಗತಿ. ಹಳೇ ಡೀಸೆಲ್‌ನ ಆ 260 ನ್ಯೂಟನ್ ಮೀಟರ್ ಟಾರ್ಕಿಗೆ, ಅಂದರೆ ಎಳೆತಕ್ಕೆ, ಕಾಲು ಒಗ್ಗಿಹೋಗಿದೆ. ಪೆಟ್ರೋಲಿನಲ್ಲಿ ಅದು ಸಿಗುತ್ತಾ? ಓಡಿಸಿದವರು ಹೇಳಿ.

ಬೀದರ್_ಟರ್ಬೋ:
ಸಿಗುತ್ತೆ ಸರ್, ಆದರೆ ಟರ್ಬೋದಲ್ಲಿ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ವ್ಯವಸ್ಥೆ) ಮಾತ್ರ. ವರ್ನಾ 1.5 ಟರ್ಬೋ 160 ಪಿಎಸ್ ಪವರ್, 253 ನ್ಯೂಟನ್ ಮೀಟರ್ ಟಾರ್ಕ್. ವರ್ಟಸ್ 1.5 ಟಿಎಸ್ಐ (ಅದೂ ಟರ್ಬೋ ಪೆಟ್ರೋಲೇ) 150 ಪಿಎಸ್, 250. ಎರಡಕ್ಕೂ 6 ಗೇರ್. ಎರಡರಲ್ಲೂ ಪೂರ್ತಿ ಟಾರ್ಕ್ 1,500-1,600 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಆಸುಪಾಸಲ್ಲೇ ಬಂದು 3,500ರ ತನಕ ನಿಲ್ಲುತ್ತೆ. ನಿಮ್ಮ ಡೀಸೆಲ್ ಬಿಟ್ಟು ಇದಕ್ಕೆ ಬಂದರೆ ಏನೂ ಕಳಕೊಂಡ ಹಾಗೆ ಅನಿಸಲ್ಲ. ಸಿಟಿ 121 ಪಿಎಸ್, ಆದರೆ ಟಾರ್ಕ್ 145 ಮಾತ್ರ, ಅದೂ 4,300ಕ್ಕೆ.

ನಮ್ಮ ಕಡೆ ಫಾಸ್ಟ್ ಅಂದರೆ ಗಾಡಿ ಎಷ್ಟರ ತನಕ ಹೋಗುತ್ತೆ ಅನ್ನೋದಲ್ಲ. ತೊಗರಿ ಲಾರಿ, ಕಬ್ಬಿನ ಟ್ರಾಲಿ ಮುಂದೆ 40ರಲ್ಲಿ ಹೋಗ್ತಾ ಇರುತ್ತೆ, ಎದುರಿಂದ ಬಸ್ ಬರುತ್ತಿರುತ್ತೆ, ಆ ನಡುವಿನ ಸಣ್ಣ ಸಂದಿಯಲ್ಲಿ 50ರಿಂದ 90ಕ್ಕೆ ಎಷ್ಟು ಬೇಗ ಮುಟ್ಟಿ ನಿಮ್ಮ ಲೇನಿಗೆ ವಾಪಸ್ ಬರ್ತೀರಿ ಅನ್ನೋದೇ ಮುಖ್ಯ. ಮೂರನೇ ಗೇರಲ್ಲಿ ಟರ್ಬೋ ಸುಮ್ನೆ ಎಳಕೊಂಡು ಹೋಗುತ್ತೆ. ಹೋಂಡಾ ಸಿಟಿಯಲ್ಲಿ ಎರಡನೇ ಗೇರಿಗೆ ಇಳಿಸಬೇಕು, ಇಲ್ಲಾ ಕಾಯಬೇಕು.

ಸಿಟಿ_ಪ್ರಿಯ:
ಅಷ್ಟು ಸುಲಭವಾಗಿ ಸಿಟಿಯನ್ನು ತಳ್ಳಿಹಾಕಬೇಡಿ. ಎಂಜಿನ್ 6,600 ಆರ್‌ಪಿಎಂ ತನಕ ಖುಷಿಯಾಗಿ ತಿರುಗುತ್ತೆ, ಗೇರ್ ಹಾಕುವುದೇ ಒಂದು ಸುಖ, ಕ್ಲಚ್ ಹಗುರ. ಟರ್ಬೋ ಇಲ್ಲ ಅಂದರೆ ಮುಂದೆ ಖರ್ಚೂ ಕಡಿಮೆ. ಕಲಬುರಗಿಯ ಸೂಪರ್ ಮಾರ್ಕೆಟ್ ಏರಿಯಾದ ರಶ್ಶಿನಲ್ಲಿ ದಿನಾ ಸಂಜೆ ಓಡಿಸುವವರಿಗೆ ಇದರಷ್ಟು ಆರಾಮ ಬೇರೆ ಇಲ್ಲ. ಆದರೆ ನೀವು ಕೇಳ್ತಿರೋದು ಹೈವೇ ಎಳೆತ, ಹಾಗಾದರೆ ಬೀದರ್ ಸರ್ ಹೇಳಿದ್ದು ಸರಿ, ಒಪ್ಪಲೇಬೇಕು.

ಎರೆನೆಲ:
ಎಂಜಿನ್ ಬಗ್ಗೆ ಎಲ್ಲಾ ಹೇಳಿದರು, ರಸ್ತೆ ಬಗ್ಗೆ ಯಾರೂ ಹೇಳಲಿಲ್ಲ ನೋಡ್ರಿ. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ, ಮೇಲೆ ಹಾಕಿದ ಡಾಂಬರೂ ಅದರ ಜೊತೆ ಏರಿ ಇಳಿಯುತ್ತೆ. ದೂರದಿಂದ ನೋಡಿದರೆ ನುಣ್ಣಗೆ ಕಾಣುತ್ತೆ, ಗುಂಡಿ ಒಂದೂ ಇಲ್ಲ, ಆದರೆ 100ರಲ್ಲಿ ಹೋದರೆ ಗಾಡಿ ತೊಟ್ಟಿಲು ತೂಗಿದ ಹಾಗೆ ತೂಗುತ್ತೆ. ಒಂದು ಅಲೆ ಇಳಿದು ಸಸ್ಪೆನ್ಷನ್ ಸುಧಾರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬರುತ್ತೆ. ಅಲ್ಲೇ ವರ್ಟಸ್ ಗೆಲ್ಲುವುದು. ಒಂದೇ ಸಲ ಇಳಿದು ಎದ್ದು ಸುಮ್ಮನಾಗುತ್ತೆ, ಸ್ಟೀರಿಂಗ್ ಕೈಯಲ್ಲಿ ಗಟ್ಟಿಯಾಗಿರುತ್ತೆ. ವರ್ನಾ ಊರೊಳಗೆ ಮೆತ್ತಗೆ, ಸ್ಪೀಡಿನಲ್ಲಿ ಹಿಂದಿನ ಸೀಟಿನವರಿಗೆ ಸ್ವಲ್ಪ ಜಾಸ್ತಿ ಕುಣಿತ. ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಗಾಡಿ ತಳದ ಎತ್ತರ) ವರ್ಟಸ್‌ಗೆ 179 ಮಿಲಿಮೀಟರ್, ಖಾಲಿ ಗಾಡಿಗೆ. ಹಳ್ಳಿ ಮುಂದಿನ ಹಂಪ್ಸ್ ದಾಟಲು ಅದು ಬೇಕೇ ಬೇಕು. ಗ್ಲೋಬಲ್ ಎನ್‌ಕ್ಯಾಪ್ ಕ್ರ್ಯಾಶ್ ಟೆಸ್ಟಿನಲ್ಲಿ ವರ್ಟಸ್, ವರ್ನಾ ಎರಡಕ್ಕೂ 5 ಸ್ಟಾರ್ ಇದೆ, ಆ ಚಿಂತೆ ಬಿಡಿ.

ಕಲಬುರಗಿ_ಡ್ರೈವರ್:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಅವ್ವನಿಗೆ ಮೊಣಕಾಲು ನೋವು, ಹಿಂದೆ ಕೂರುವುದು ಅವರೇ. ಹೈವೇ ಎಳೆತಕ್ಕಿಂತ ಅದೇ ದೊಡ್ಡ ವಿಷಯ ನನಗೆ. ಮೈಲೇಜ್ ಹೇಗೆ?

ಬೀದರ್_ಟರ್ಬೋ:
ಕಾಲು ಚಾಚಲು ವರ್ನಾದಲ್ಲಿ ಜಾಗ ಹೆಚ್ಚು, ಆದರೆ ಹಿಂದೆ ಮೇಲ್ಛಾವಣಿ ಇಳಿಜಾರು, ಹತ್ತುವಾಗ ತಲೆ ಬಗ್ಗಿಸಬೇಕು. ಮೂರೂ ಸೆಡಾನೇ, ಕೆಳಗಿಳಿದೇ ಕೂರಬೇಕು. ಅವ್ವನವರನ್ನು ಶೋರೂಂಗೆ ಕರಕೊಂಡು ಹೋಗಿ, ಪ್ರತಿಯೊಂದರಲ್ಲೂ ಹತ್ತಿಸಿ ಇಳಿಸಿ ನೋಡಿ. ಅವರು ಯಾವುದರಿಂದ ಕೈ ಹಿಡಿಯದೆ ಏಳ್ತಾರೋ ಅದಕ್ಕೆ ನನ್ನ ವೋಟು.

ಮೈಲೇಜಿನಲ್ಲಿ ಡೀಸೆಲ್ ಲೆಕ್ಕ ಮರೆತುಬಿಡಿ. ವರ್ಟಸ್ 1.5ರಲ್ಲಿ ಲೋಡ್ ಕಡಿಮೆ ಇದ್ದಾಗ ನಾಲ್ಕರಲ್ಲಿ ಎರಡು ಸಿಲಿಂಡರ್ ತಾನೇ ನಿಲ್ಲುತ್ತೆ, ಹುಮನಾಬಾದ್ ದಾಟಿ ಫೋರ್ ಲೇನ್ ಸಿಕ್ಕ ಮೇಲೆ 80-90ರಲ್ಲಿ ಹಿಡಿದರೆ ಅದರ ಲಾಭ ಗೊತ್ತಾಗುತ್ತೆ. ಓವರ್‌ಟೇಕ್ ಮೇಲೆ ಓವರ್‌ಟೇಕ್ ಮಾಡಿದರೆ ಯಾವ ಟರ್ಬೋನೂ ಪೆಟ್ರೋಲ್ ಕುಡಿಯುತ್ತೆ. ಇನ್ನೊಂದು, ಡೀಸೆಲ್ ಅಭ್ಯಾಸದಲ್ಲಿ 40ಕ್ಕೇ ಐದನೇ ಗೇರ್ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಬೇಡಿ, ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲ್ ನೇರ ಸಿಲಿಂಡರಿಗೇ ಚಿಮ್ಮಿಸುವ) ಟರ್ಬೋಗೆ ಅದು ಒಳ್ಳೆಯದಲ್ಲ. ಗೇರ್ ಇಳಿಸಿ, ಆಮೇಲೆ ಒತ್ತಿ.

ಎರೆನೆಲ:
ಟೆಸ್ಟ್ ಡ್ರೈವ್ ಒಬ್ಬರೇ ಹೋಗಬೇಡಿ ಸರ್. ಮನೆಮಂದಿ ಎಲ್ಲಾ ಕೂತು, ಮಧ್ಯಾಹ್ನದ ಬಿಸಿಲಿಗೆ, ಎಸಿ ಪೂರ್ತಿ ಹಾಕಿ ರಿಂಗ್ ರೋಡಿಗೆ ತಗೊಂಡು ಹೋಗಿ. ಶೋರೂಮಿನವರು ಆಟೋಮ್ಯಾಟಿಕ್ ಕೊಟ್ಟು "ಎಂಜಿನ್ ಒಂದೇ" ಅಂತಾರೆ, ಒಪ್ಪಬೇಡಿ. ಕ್ಲಚ್ ಎಲ್ಲಿ ಹಿಡಿಯುತ್ತೆ ಅಂತ ನಿಮ್ಮ ಕಾಲಿಗೇ ಗೊತ್ತಾಗಬೇಕು. 1.5 ಮ್ಯಾನುವಲ್ ಯಾವ ವೇರಿಯಂಟಿನಲ್ಲಿ ಸಿಗುತ್ತೆ ಅಂತ ಮೊದಲೇ ಬರೆಸಿಕೊಳ್ಳಿ, ಕಂಪನಿಗಳು ಅದನ್ನು ಬದಲಿಸ್ತಾನೇ ಇರುತ್ತವೆ. ಸ್ಟಾಕ್ ಹೈದರಾಬಾದಿನಲ್ಲಿದೆ ಅಂದರೂ ಕಲಬುರಗಿ ಡೀಲರ್ ಮೂಲಕವೇ ತರಿಸಿ, ಆಗ ಕಲಬುರಗಿಯ ಕೆಎ 32 ನಂಬರ್ ಸೀದಾ ಬರುತ್ತೆ.